‘ಹೆರ್ಮಾಸನ ಕುರುಬ’ ಗ್ರಂಥದಲ್ಲಿ ಪಶ್ಚಾತ್ತಾಪ ಮತ್ತು ದರ್ಶನ

ಮಾಡಿದ ತಪ್ಪನ್ನರಿತು ಮರುಗುವುದು ಎಲ್ಲ ಧರ್ಮಗಳ ಸಾಹಿತ್ಯದಲ್ಲಿಯೂ ಕಂಡುಬರುವ ವಿಷಯವೇ ಆಗಿದೆ. ಆದರೆ ಮರುಗಿದವನಿಗೆ ಮರಳಿ ಎಡೆಯುಂಟೆ, ಉಂಟಾದರೆ ಎಷ್ಟು ಸಲ, ಎಂಬ ಪ್ರಶ್ನೆ ಕ್ರೈಸ್ತ ಧರ್ಮದ ಆರಂಭಕಾಲದಲ್ಲಿ ಎದ್ದಷ್ಟು ತೀಕ್ಷ್ಣವಾಗಿ ಬೇರೆಡೆಗಳಲ್ಲಿ ಎದ್ದದ್ದು ಅಪರೂಪ. ದೀಕ್ಷಾಸ್ನಾನದಿಂದ ಹಿಂದಿನ ಪಾಪಗಳೆಲ್ಲ ತೊಳೆದುಹೋಗುತ್ತವೆಂಬುದು ಆ ಸಮುದಾಯದ ದೃಢವಾದ ನಂಬಿಕೆ. ಹಾಗಾದರೆ ದೀಕ್ಷೆ ಪಡೆದ ಮೇಲೆ ಜಾರಿದವನ ಗತಿಯೇನು? ಅವನಿಗೆ ಎರಡನೆಯ ಅವಕಾಶವೇ ಇಲ್ಲವೆಂದು ಕೆಲವು ಬೋಧಕರು ಸಾಧಿಸುತ್ತಿದ್ದರು. ಈ ಇಕ್ಕಟ್ಟಿನಿಂದಲೇ ಹುಟ್ಟಿದ ಕೃತಿ ‘ಹೆರ್ಮಾಸನ ಕುರುಬ’.

ರೋಮ್ ನಗರದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ಈ ಗ್ರಂಥ ಕ್ರಿ.ಶ. ಎರಡನೆಯ ಶತಮಾನದ ಮೊದಲ ಅರ್ಧಕ್ಕೆ ಸೇರಿದುದೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮತ. ಇದು ಏಕಕಾಲದ ರಚನೆಯಲ್ಲವೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಇದರಲ್ಲಿ 5 ದರ್ಶನಗಳು, 12 ಆಜ್ಞೆಗಳು, 10 ದೃಷ್ಟಾಂತಗಳು ಅಡಕವಾಗಿವೆ. ಇದು ಬೈಬಲ್ಲಿನಲ್ಲಿ ಸೇರಲಿಲ್ಲ. ಆದರೆ ಸೇರುವ ಹೊಸ್ತಿಲಿನವರೆಗೆ ಬಂದಿತ್ತು. ಇರೆನೇಯಸನು ಇದರ ಮಾತನ್ನು ಶಾಸ್ತ್ರವಾಕ್ಯವೆಂಬಂತೆ ಉದ್ಧರಿಸಿದ್ದಾನೆ. ನಾಲ್ಕನೆಯ ಶತಮಾನದ ಸಿನಾಯ್ ಹಸ್ತಪ್ರತಿಯಲ್ಲಿ ಹೊಸ ಒಡಂಬಡಿಕೆಯ ಬಳಿಕ ಇದರ ಭಾಗಗಳು ದೊರೆಯುತ್ತವೆ. ಕ್ರಿ.ಶ. 367ರಲ್ಲಿ ಅಥನಾಸಿಯಸನು ಪ್ರಮಾಣಗ್ರಂಥಗಳ ಪಟ್ಟಿಯನ್ನು ನೀಡಿದಾಗ ಇದನ್ನು ಅದರ ಹೊರಗಿಟ್ಟನಾದರೂ, ಧರ್ಮಕ್ಕೆ ಹೊಸದಾಗಿ ಬಂದವರು ಓದತಕ್ಕ ಪುಸ್ತಕವೆಂದು ಹೇಳಿದನು.

ಗ್ರಂಥದ ನಾಯಕನೂ ನಿರೂಪಕನೂ ಆದ ಹೆರ್ಮಾಸನು ಸಂತನಲ್ಲ, ಗುರುವಲ್ಲ, ಹುತಾತ್ಮನೂ ಅಲ್ಲ. ಅವನನ್ನು ಸಾಕಿದವನೇ ಅವನನ್ನು ರೋದೆ ಎಂಬ ರೋಮಿನ ಸ್ತ್ರೀಗೆ ಗುಲಾಮನಾಗಿ ಮಾರಿದ್ದನು. ಮುಂದೆ ಅವನು ಸ್ವತಂತ್ರನಾಗಿ ವ್ಯಾಪಾರ ಮಾಡಿದನು, ಗಳಿಸಿದನು, ಕಳೆದುಕೊಂಡನು. ಮಾತಿನ ಮೇಲೆ ಹಿಡಿತವಿಲ್ಲದ ಹೆಂಡತಿ, ತಂದೆತಾಯಿಗಳಿಗೆ ದ್ರೋಹ ಬಗೆದ ಮಕ್ಕಳು — ಇದು ಅವನ ಸಂಸಾರ. ವರ್ಷಗಳು ಕಳೆದ ಮೇಲೆ ಒಂದು ದಿನ ರೋದೆ ಟೈಬರ್ ನದಿಯಲ್ಲಿ ಮೀಯುವುದನ್ನು ಕಂಡು, ಅವಳಿಗೆ ಕೈಕೊಟ್ಟು ಮೇಲಕ್ಕೆತ್ತಿದಾಗ, ಇಂಥ ರೂಪವೂ ಗುಣವೂ ಉಳ್ಳ ಮಡದಿ ತನಗಿದ್ದರೆ ಎಂಬ ಎಣಿಕೆ ಅವನ ಮನದಲ್ಲಿ ಸುಳಿಯುತ್ತದೆ. ಅಷ್ಟೇ. ಕೆಲಕಾಲದ ಬಳಿಕ ಆಕಾಶ ತೆರೆದು, ಅದೇ ರೋದೆ ಮೇಲಿನಿಂದ ಅವನ ಮೇಲೆ ದೋಷಾರೋಪಣೆ ಮಾಡುತ್ತಾಳೆ. ತಾನು ಎಂದಾದರೂ ಅನುಚಿತವಾದ ಮಾತನ್ನಾಡಿದ್ದುಂಟೆ ಎಂದು ಅವನು ಕೇಳುತ್ತಾನೆ. ಆದರೆ ದೋಷವಿರುವುದು ಮಾತಿನಲ್ಲಲ್ಲ, ಮನಸ್ಸಿನಲ್ಲಿ.

ಇಲ್ಲಿಯೇ ಗ್ರಂಥದ ಮೊದಲ ಗಹನತೆ ವ್ಯಕ್ತವಾಗುತ್ತದೆ. ಮನದ ಪಾಪವನ್ನು ಎತ್ತಿ ತೋರಿಸಿದ ಬೆನ್ನಿಗೇ, ದೇವರ ಕೋಪಕ್ಕೆ ನಿಜವಾದ ಕಾರಣ ಅದಲ್ಲವೆಂದು ಬಿಳಿಯ ಪೀಠದಲ್ಲಿ ಕುಳಿತ ವೃದ್ಧೆಯೊಬ್ಬಳು ತಿಳಿಸುತ್ತಾಳೆ. ಮಕ್ಕಳ ಮೇಲಿನ ಮೋಹದಿಂದ ಅವನು ತನ್ನ ಮನೆಯನ್ನು ತಿದ್ದದೆ ಕೆಡಗೊಟ್ಟದ್ದೇ ದೊಡ್ಡ ತಪ್ಪು. ತಾನರಿತ ಸಣ್ಣ ಪಾಪಕ್ಕಾಗಿ ಅಳುತ್ತಿರುವವನಿಗೆ ತಾನರಿಯದ ದೊಡ್ಡ ಪಾಪವನ್ನು ಕಾಣಿಸುವುದೇ ಈ ದರ್ಶನದ ಕಾರ್ಯ. ಪಶ್ಚಾತ್ತಾಪವು ಏಕಾಂತದ ಕಣ್ಣೀರಾಗಿ ನಿಲ್ಲದೆ ಮನೆಯ ಹೊಣೆಯಾಗಿ, ಮುಂದೆ ಸಮುದಾಯದ ಹೊಣೆಯಾಗಿ ಬೆಳೆಯುವ ಕ್ರಮ ಇಲ್ಲಿಂದಲೇ ಮೊದಲಾಗುತ್ತದೆ.

ಆ ವೃದ್ಧೆ ಯಾರು? ಪ್ರಾಚೀನ ಇಟಲಿಯ ಪ್ರಸಿದ್ಧ ಕಣಿಹೇಳುವ ಸಿಬಿಲ್ಲಳಿರಬೇಕೆಂದು ಹೆರ್ಮಾಸನು ತಪ್ಪಾಗಿ ತಿಳಿಯುತ್ತಾನೆ. ಆಕೆ ಧರ್ಮಸಭೆಯೇ ಸ್ತ್ರೀರೂಪ ತಾಳಿ ಬಂದವಳು. ದರ್ಶನದಿಂದ ದರ್ಶನಕ್ಕೆ ಆಕೆಯ ಪ್ರಾಯ ಇಳಿಯುತ್ತ ಹೋಗುತ್ತದೆ. ಮೊದಲು ಪೀಠದಲ್ಲಿ ಕುಳಿತ ಮುದುಕಿ. ಬಳಿಕ ನಿಂತ, ಮುಖದಲ್ಲಿ ಎಳೆತನ ಮೂಡಿದ ಹೆಂಗಸು. ಮೂರನೆಯ ಸಲ ತಲೆಗೂದಲೊಂದನ್ನು ಬಿಟ್ಟು ಪೂರ್ಣ ಯೌವನವತಿ. ಕೊನೆಗೆ ಬಿಳಿಯುಟ್ಟ ಮದುವಣಗಿತ್ತಿ. ಈ ರೂಪಾಂತರಕ್ಕೆ ಗ್ರಂಥ ಕೊಡುವ ವಿವರಣೆ ಒಂದಲ್ಲ, ಎರಡು. ಸೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಹುಟ್ಟಿದವಳಾದುದರಿಂದ ಆಕೆ ವೃದ್ಧೆ ಎಂಬುದು ಒಂದು. ನೋಡುವವನ ಚೇತನವೇ ಸಂಶಯದಿಂದ ಮುಪ್ಪಾಗಿತ್ತು, ಆದುದರಿಂದ ಆಕೆ ಮುಪ್ಪಾಗಿ ಕಂಡಳೆಂಬುದು ಇನ್ನೊಂದು. ಬದುಕಿನ ಆಸೆ ಬಿಟ್ಟ ಮುದುಕನಿಗೆ ಅನಿರೀಕ್ಷಿತವಾಗಿ ಆಸ್ತಿ ಬಂದಿತೆಂಬ ಸುದ್ದಿ ತಲುಪಿದಾಗ ಅವನು ಹಾಸಿಗೆಯಿಂದೆದ್ದು ಹೇಗೆ ಚೇತರಿಸಿಕೊಳ್ಳುವನೋ, ಹಾಗೆ ಕ್ಷಮೆಯ ವಾರ್ತೆ ಕೇಳಿದವರು ಚೇತರಿಸಿಕೊಂಡರೆಂದು ಗ್ರಂಥಕಾರನು ಹೋಲಿಸುತ್ತಾನೆ. ಇವೆರಡು ವಿವರಣೆಗಳನ್ನು ಪರಸ್ಪರ ವಿರುದ್ಧವೆಂದು ಬಗೆಯಬೇಕಾಗಿಲ್ಲ. ಸತ್ಯ ಅನಾದಿಯಾದುದು, ಅದು ಕಾಣುವ ಬಗೆ ಮಾತ್ರ ಕಾಣುವ ಕಣ್ಣಿನ ಸ್ಥಿತಿಗೆ ತಕ್ಕಂತೆ ಬದಲಾಗುತ್ತದೆ. ದರ್ಶನವೆಂಬುದು ದ್ರಷ್ಟಾರನ ಅಂತರಂಗದ ಅಳತೆಗೋಲೂ ಹೌದೆಂಬ ಈ ಅರಿವು ಸಾಮಾನ್ಯವಾದುದಲ್ಲ.

ಇದೇ ಶತಮಾನದ ಇನ್ನೊಂದು ದರ್ಶನಗ್ರಂಥವಾದ ‘ಪೇತ್ರನ ಪ್ರಕಟನೆ’ಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹೆರ್ಮಾಸನ ಹಿರಿಮೆ ಸ್ಪಷ್ಟವಾಗುತ್ತದೆ. ಅಲ್ಲಿ ಪಾಪಿಗಳ ಯಾತನೆಗಳು, ಯಾವ ಪಾಪಕ್ಕೆ ಯಾವ ಶಿಕ್ಷೆ ಎಂಬ ಕ್ರಮದಲ್ಲಿ, ಭೀಕರವಾಗಿ ವರ್ಣಿತವಾಗಿವೆ. ಹೆರ್ಮಾಸನ ಪಾಪಿಗಳಾದರೋ ಕಲ್ಲುಗಳು. ನೀರಿನ ಮೇಲೆ ಏಳುತ್ತಿರುವ ಮಹಾಗೋಪುರಕ್ಕೆ ಕಲ್ಲುಗಳನ್ನು ತರಲಾಗುತ್ತದೆ. ಚೌಕವಾದ ಬಿಳಿಗಲ್ಲುಗಳು ಬೆಸುಗೆ ಕಾಣದಂತೆ ಕೂಡಿಕೊಳ್ಳುತ್ತವೆ. ಕೆಲವು ಒಡೆದಿವೆ, ಕೆಲವು ಮೋಟಾಗಿವೆ. ಬಿಳುಪಾದರೂ ದುಂಡಗಿರುವ ಕಲ್ಲುಗಳೆಂದರೆ ಸಿರಿವಂತರು. ಅವರ ಸಿರಿಯನ್ನು ಸುತ್ತಲೂ ಕೆತ್ತಿ ತೆಗೆದ ಹೊರತು ಅವು ಕಟ್ಟಡಕ್ಕೆ ಹೊಂದವು. ಪಶ್ಚಾತ್ತಾಪಪಡಬಯಸುವವರ ಕಲ್ಲುಗಳನ್ನು ದೂರ ಎಸೆಯದೆ ಗೋಪುರದ ಬಳಿಯಲ್ಲೇ ಬಿಟ್ಟಿರುತ್ತಾರೆ. ದಂಡನೆಯ ಭಯಕ್ಕಿಂತ, ತಾನು ಸೇರಬೇಕಾದ ಗೋಡೆಯ ಪಕ್ಕದಲ್ಲೇ ಸೇರದೆ ಬಿದ್ದಿರುವ ನೋವು ಇಲ್ಲಿ ಹೆಚ್ಚು ಪರಿಣಾಮಕಾರಿಯಾಗಿದೆ.

ಐದನೆಯ ದರ್ಶನದಲ್ಲಿ, ಬಿಳಿಯ ಆಡಿನ ಚರ್ಮವನ್ನು ಹೊದ್ದು, ಚೀಲವನ್ನೂ ಕೋಲನ್ನೂ ಹಿಡಿದು ಬರುವ ಕುರುಬನೇ ಪಶ್ಚಾತ್ತಾಪದ ದೇವದೂತ. ಮುಂದಿನ ಆಜ್ಞೆಗಳೆಲ್ಲ ಅವನಿಂದ ಬಂದವು. ಸತ್ಯವನ್ನು ಕುರಿತ ಆಜ್ಞೆಯನ್ನು ಕೇಳಿ, ತಾನು ಬಾಳಿನಲ್ಲಿ ಒಂದು ನಿಜವನ್ನೂ ಆಡಿಲ್ಲವೆಂದು ವ್ಯಾಪಾರಿ ಹೆರ್ಮಾಸನು ಅಳುವ ಸನ್ನಿವೇಶ ಹೃದಯಂಗಮವಾಗಿದೆ. ಎಲ್ಲಕ್ಕಿಂತ ಹೆಚ್ಚಾಗಿ ಖಂಡಿತವಾಗಿರುವುದು ಇಬ್ಬಗೆಯ ಮನಸ್ಸು. ಉಪವಾಸದ ದಿನ ಉಳಿದ ಅನ್ನದ ಬೆಲೆಯನ್ನೆಣಿಸಿ ವಿಧವೆಗೋ ಅನಾಥನಿಗೋ ಬಡವನಿಗೋ ಕೊಡಬೇಕೆಂಬ ವಿಧಿ, ಹಣ ಪಡೆದು ಭವಿಷ್ಯ ನುಡಿಯುವವನು ನಿಜವಾದ ಪ್ರವಾದಿಯಲ್ಲ, ಪ್ರವಾದಿಯನ್ನು ಅವನ ನಡತೆಯಿಂದ ಅಳೆಯಬೇಕೆಂಬ ವಿವೇಕ — ಇವು ದರ್ಶನವನ್ನು ಆಚರಣೆಯ ಒರೆಗಲ್ಲಿಗೆ ಹಚ್ಚುತ್ತವೆ.

ಆದರೆ ಮೂಲ ಪ್ರಶ್ನೆ ಉಳಿದೇ ಇದೆ. ಕುರುಬನ ತೀರ್ಪಿನಂತೆ ದೀಕ್ಷೆಯ ಬಳಿಕ ಪಶ್ಚಾತ್ತಾಪಕ್ಕೆ ಅವಕಾಶವುಂಟು. ಆದರೆ ಒಂದೇ ಸಲ. ಪದೇ ಪದೇ ತಪ್ಪಿ ಪದೇ ಪದೇ ಮರುಗುವವನಿಗೆ ಅದರಿಂದ ಪ್ರಯೋಜನವಿಲ್ಲ. ಈ ಒಂದನ್ನೂ ಸಹಿಸದ ತೆರ್ತುಲ್ಲಿಯನನು, ತನ್ನ ಕಠೋರವ್ರತದ ದಿನಗಳಲ್ಲಿ, ಇದನ್ನು ವ್ಯಭಿಚಾರಿಗಳ ಕುರುಬನೆಂದು ಹಳಿದನು. ಇಂದಿನ ಓದುಗನಿಗೆ ಇದೇ ಮಾತು ತೀರ ಕಠಿಣವಾಗಿ ತೋರಬಹುದು. ಕರುಣೆಗೆ ಲೆಕ್ಕವುಂಟೆ? ಲೆಕ್ಕವಿಲ್ಲದಿದ್ದರೆ ಮರುಕಕ್ಕೆ ಬೆಲೆಯುಂಟೆ? ಈ ಎರಡು ಪ್ರಶ್ನೆಗಳ ನಡುವೆ ಗ್ರಂಥ ತೂಗುತ್ತದೆ. ವಿಧಿಯಾಗಿ ಅದು ಹೇಳುವುದು ‘ಒಂದೇ ಸಲ’ ಎಂದು. ರೂಪಕವಾಗಿ ಅದು ತೋರುವುದು ಅದಕ್ಕಿಂತ ವಿಶಾಲವಾದುದನ್ನು. ಎಂಟನೆಯ ದೃಷ್ಟಾಂತದಲ್ಲಿ ನೀರವಂಜಿ ಮರದ ರೆಂಬೆಗಳನ್ನು ಜನರಿಗೆ ಹಂಚಿ ಮರಳಿ ಕೇಳಿದಾಗ ಹಲವರು ಒಣಗಿದವನ್ನೇ ತಂದೊಪ್ಪಿಸುತ್ತಾರೆ. ಕುರುಬನು ಅವನ್ನು ಬೆಂಕಿಗೆ ಹಾಕುವುದಿಲ್ಲ. ಆ ಮರ ಜೀವದಾಸೆಯುಳ್ಳದ್ದೆಂದು ಹೇಳಿ, ಅವನ್ನು ನೆಲದಲ್ಲಿ ನೆಟ್ಟು, ಮುಳುಗುವಷ್ಟು ನೀರೆರೆದು, ಕೆಲವು ದಿನಗಳ ಬಳಿಕ ಬಂದು ನೋಡುತ್ತಾನೆ. ಎಷ್ಟೋ ರೆಂಬೆಗಳು ಚಿಗುರಿರುತ್ತವೆ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಶೈಲಿ ಸಪ್ಪೆ, ಪುನರುಕ್ತಿ ಅಪಾರ. ಕಲ್ಲುಗಳನ್ನೂ ರೆಂಬೆಗಳನ್ನೂ ಬೆಟ್ಟಗಳನ್ನೂ ವರ್ಗವರ್ಗವಾಗಿ ವಿಂಗಡಿಸಿ ಒಂದೊಂದಕ್ಕೂ ಅರ್ಥ ಹೇಳುವ ಚಪಲದಿಂದ ರೂಪಕಗಳ ಸೊಗಸು ಎಷ್ಟೋ ಕಡೆ ಬಾಡಿದೆ. ತತ್ತ್ವವಿಚಾರದಲ್ಲಿಯೂ ಬಿಗಿಯಿಲ್ಲ, ದೇವಪುತ್ರನನ್ನೂ ಪವಿತ್ರಾತ್ಮನನ್ನೂ ಒಂದಾಗಿ ಕಲಸುವ ಭಾಗಗಳು ಮುಂದಿನ ಶಾಸ್ತ್ರಜ್ಞರಿಗೆ ತೊಡಕಾದವು. ಆದರೂ ಸಾಧಾರಣ ಸಂಸಾರಿಯೊಬ್ಬನ ಅಳುಕು, ಕುತೂಹಲ, ಬೈಗುಳ ತಿಂದರೂ ಮತ್ತೆ ಕೇಳುವ ಹಟ ಇವುಗಳಿಂದ ಕೃತಿ ಜೀವಂತವಾಗಿದೆ. ಈ ಆಜ್ಞೆಗಳನ್ನು ಮನುಷ್ಯಮಾತ್ರನು ಪಾಲಿಸಬಲ್ಲನೇ ಎಂದು ಅವನು ಕೇಳಿದಾಗ ಕುರುಬನು ಕೆರಳುತ್ತಾನೆ. ಅವನು ಹೆದರಿದ್ದನ್ನು ಕಂಡು ಮೃದುವಾಗುತ್ತಾನೆ. ಶಿಷ್ಯನ ದುರ್ಬಲತೆಯನ್ನು ಬಲ್ಲ ಗುರುವಿನ ಚಿತ್ರವಿದು.

ಒಂಬತ್ತನೆಯ ದೃಷ್ಟಾಂತದಲ್ಲಿ ಗೋಪುರ ಮತ್ತೆ ಕಾಣಿಸಿಕೊಳ್ಳುತ್ತದೆ. ಕಟ್ಟುವವರು ಕೆಲಸವನ್ನು ಅಷ್ಟಕ್ಕೇ ನಿಲ್ಲಿಸುತ್ತಾರೆ. ಒಡೆಯನು ಬಂದು ಒಂದೊಂದು ಕಲ್ಲನ್ನೂ ಕೋಲಿನಿಂದ ತಟ್ಟಿ ನೋಡುತ್ತಾನೆ. ಕೆಟ್ಟವು ಹೊರಬೀಳುತ್ತವೆ, ಅವನ್ನು ತೊಳೆದು ಕೆತ್ತಿ ಸರಿಪಡಿಸುವ ಕೆಲಸ ಕುರುಬನ ಪಾಲಿಗೆ ಬರುತ್ತದೆ. ಕಟ್ಟಡಕ್ಕೆ ಕೊಟ್ಟ ಬಿಡುವು ಇಂಥ ಕಲ್ಲುಗಳಿಗಾಗಿಯೇ ಎಂದು ಗ್ರಂಥವೇ ಸ್ಪಷ್ಟಪಡಿಸುತ್ತದೆ. ಕಾಲವೆಂಬುದು ಇಲ್ಲಿ ಶಿಕ್ಷೆಯನ್ನು ಹತ್ತಿರ ತರುವ ವೈರಿಯಲ್ಲ, ತಿದ್ದಿಕೊಳ್ಳಲು ದೊರೆತ ಸಾಲ. ಸಾಲವಾದುದರಿಂದ ಅದಕ್ಕೆ ಗಡುವುಂಟು. ದಯೆಯಾದುದರಿಂದ ಗಡುವು ಇನ್ನೂ ಮುಗಿದಿಲ್ಲ. ಪ್ರಮಾಣಗ್ರಂಥವೆಂಬ ಗೋಪುರದಲ್ಲಿ ಈ ಕೃತಿಗೆ ಎಡೆ ದೊರೆಯಲಿಲ್ಲ. ಆದರೆ ಅದರದೇ ಮಾತಿನಲ್ಲಿ ಹೇಳುವುದಾದರೆ, ದೂರ ಎಸೆಯಲ್ಪಡದೆ ಗೋಡೆಯ ಬಳಿಯಲ್ಲೇ ಉಳಿದ ಕಲ್ಲು ಇದು. ಧರ್ಮಜಿಜ್ಞಾಸುಗಳು ಕೈಗೆತ್ತಿಕೊಂಡು ನೋಡತಕ್ಕದ್ದು.