ಇನ್ನೊಂದು ಕೈ ಎಲ್ಲಿದೆ?

ಯಲಹಂಕದಿಂದ ಯಶವಂತಪುರಕ್ಕೆ ಹೋಗುವ ಬಸ್ಸಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸೀಟು ಸಿಗಲು ಪುಣ್ಯ ಮಾಡಿರಬೇಕು. ನಾನು ಮಾಡಿಲ್ಲ. ಎಡಗೈ ಮೇಲಿನ ಕಂಬಿಯಲ್ಲಿ, ಬಲಗೈಯಲ್ಲಿ ಫೋನು. “ಚಿಲ್ಲರೆ ಇಲ್ಲ ಸಾರ್, ಸ್ಕ್ಯಾನ್ ಮಾಡ್ಬಿಡಿ” ಎಂದು ಕಂಡಕ್ಟರ್ ಕ್ಯೂಆರ್ ಕೋಡನ್ನು ಮುಖದ ಮುಂದೆ ಹಿಡಿಯುತ್ತಾರೆ. ಆ್ಯಪ್ ತೆರೆದ ಕೂಡಲೇ ಸಾಲದ ಜಾಹೀರಾತು. ಅದನ್ನು ಮುಚ್ಚುವ ಇಂಟು ಗುರುತು ಮೇಲಿನ ಎಡಮೂಲೆಯಲ್ಲಿ. 6.7 ಇಂಚಿನ ಪರದೆಯಲ್ಲಿ ನನ್ನ ಹೆಬ್ಬೆರಳು ಅಲ್ಲಿಯವರೆಗೆ ಹೋಗದು. ಅಷ್ಟರಲ್ಲಿ ಬಿಇಎಲ್ ಸರ್ಕಲ್ ಬರುತ್ತದೆ, ಡ್ರೈವರ್ ಬ್ರೇಕ್ ಹಾಕುತ್ತಾರೆ.

ನನ್ನ ಪಾಡು ಅರ್ಧ ಗಂಟೆಯದು. ಆರ್.ಟಿ. ನಗರದಲ್ಲಿರುವ ಚಿಕ್ಕಮ್ಮನದು ದಿನವಿಡೀ. ಸ್ಟ್ರೋಕ್ ಆದಮೇಲೆ ಅವರ ಬಲಗೈಗೆ ಶಕ್ತಿಯಿಲ್ಲ. ಊಟದ ಮೇಜಿನ ಮೇಲೆ ಒದ್ದೆ ಬಟ್ಟೆ ಮಡಿಸಿಟ್ಟು, ಜಾರದಂತೆ ಅದರ ಮೇಲೆ ಫೋನಿಟ್ಟು, ಎಡಗೈಯ ಒಂದೇ ಬೆರಳಲ್ಲಿ ಒತ್ತುತ್ತಾರೆ. ಹಿಂಬದಿಯ ಕ್ಯಾಮೆರಾ ಉಬ್ಬಿಕೊಂಡಿರುವುದರಿಂದ ಒತ್ತಿದಾಗೆಲ್ಲ ಫೋನು ಕುಂಟುಕಾಲಿನ ಮಣೆಯಂತೆ ಟಕ್ ಟಕ್ ಎನ್ನುತ್ತದೆ. ಸ್ತ್ರೀಶಕ್ತಿ ಸಂಘದ ಗ್ರೂಪಿಗೆ ‘ಸ್ತ್ರೀ’ ಎಂದು ಬರೆಯಬೇಕಾದರೆ ಸ, ಅರ್ಧಾಕ್ಷರದ ಕೊಂಡಿ, ತ, ಮತ್ತೆ ಕೊಂಡಿ, ರ, ದೀರ್ಘ ಈಕಾರ: ಒಂದು ಅಕ್ಷರಕ್ಕೆ ಆರು ಸಂಕೇತ. ಕೀಬೋರ್ಡಿನಲ್ಲಿ ಒಂದು ಕೈಯವರಿಗೆಂದೇ ಸೌಲಭ್ಯವೊಂದಿದೆ, ಕೀಲಿಗಳನ್ನೆಲ್ಲ ಒಂದು ಬದಿಗೆ ಒತ್ತರಿಸುತ್ತದೆ. ಸಾಲಿಗೆ ಹತ್ತೇ ಅಕ್ಷರವಿರುವ ಇಂಗ್ಲಿಷಿಗೆ ಅದು ಸರಿ. ಮೊದಲೇ ಕಿಕ್ಕಿರಿದ ಕನ್ನಡದ ಕೀಲಿಗಳು ಆಗ ಸಾಸಿವೆ ಕಾಳಾಗುತ್ತವೆ.

ತಮಾಷೆಯೆಂದರೆ, ಬಳಸುವವರ ಸ್ಥಿತಿ ಏನು ಎಂಬ ಪ್ರಶ್ನೆಯನ್ನು ನನ್ನ ಬಸ್ಸಿನ ದಾರಿಯಲ್ಲೇ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಕೇಳಿಕೊಂಡಿದ್ದರು. ನಮ್ಮ ಕಡೆಯವರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಐಐಎಸ್‌ಸಿಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿದರು. ಅದರ ‘ಅಮಿಡ’ ಎಂಬ ಮಾದರಿಯನ್ನು 2004ರಲ್ಲಿ ಬಿಇಎಲ್ ತಯಾರಿಸಿತು. ಓದಲು ಬಾರದವರಿಗೆ ಓದಿ ಹೇಳಲೆಂದು ‘ಧ್ವನಿ’ ಎಂಬ ತಂತ್ರಾಂಶ ಹುಟ್ಟಿದ್ದು ಈ ಯೋಜನೆಯಿಂದಲೇ. ಕೊಳ್ಳಲಾಗದವರು ಹಂಚಿಕೊಂಡು ಬಳಸಲೆಂದು ಸ್ಮಾರ್ಟ್ ಕಾರ್ಡ್. ಅಮಿಡದಲ್ಲಿ ಚಲನೆ ಗುರುತಿಸುವ ಸಂವೇದಕವೂ ಇತ್ತು. ಕೈಯನ್ನು ಆಡಿಸಿ ಪುಟ ತಿರುವಬಹುದಿತ್ತು. ಮೊದಲ ಐಫೋನ್ ಬರಲು ಆಗ ಇನ್ನೂ ಮೂರು ವರ್ಷವಿತ್ತು.

ಹೊಗಳಿ ಮುಗಿಸುವಂತಿಲ್ಲ. ಸಿಂಪ್ಯೂಟರಿನ ಪರದೆಗೆ ಕಡ್ಡಿಯಂಥ ಪೆನ್ನು ಬೇಕಿತ್ತು. ಅಲ್ಲಿಗೆ ಎರಡನೇ ಕೈ ಮತ್ತೆ ಬಂತು. ಬಡವರನ್ನು, ಓದಲು ಬಾರದವರನ್ನು ನೆನೆದವರೂ ಕೈಯನ್ನು ಅರ್ಧ ಮರೆತರು. ಮಾರುಕಟ್ಟೆಯಲ್ಲಿ ಅದು ಸೋತಿತು. ಈಗ ಯಲಹಂಕದಾಚೆ ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುತ್ತಾರೆ. ಜೋಡಿಸುವ ಕೈ ನಮ್ಮದು, ಅಳತೆ ತೆಗೆದುಕೊಂಡ ಕೈ ಯಾರದೋ.

ಸಣ್ಣ ಫೋನ್ ಮಾಡಿದರೆ ಕೊಳ್ಳುವವರಿಲ್ಲ ಎಂಬುದು ಕಂಪನಿಗಳ ಹಳೇ ರಾಗ. 5.4 ಇಂಚಿನ ಐಫೋನ್ ಮಿನಿ 2020 ಮತ್ತು 2021ರಲ್ಲಿ ಬಂದು, 2022ರ ಹೊಸ ಮಾದರಿಗಳ ಸಾಲಿನಿಂದ ಮಾಯವಾಗಿದ್ದು ನಿಜ. ಆದರೆ ಸಣ್ಣ ಫೋನೇ ಬೇಕು ಎಂಬ ವಾದ ನನ್ನದಲ್ಲ. ಚಿಕ್ಕಮ್ಮನಿಗೆ ಕನ್ನಡಕ ಹಾಕಿದರೂ ಒತ್ತಕ್ಷರ ಕಾಣಬೇಕಾದರೆ ಅಕ್ಷರ ದೊಡ್ಡದಾಗಲೇಬೇಕು, ಅದಕ್ಕೆ ದೊಡ್ಡ ಪರದೆಯೇ ಬೇಕು. ಜಗಳವಿರುವುದು ಗುಂಡಿಗಳನ್ನು ಎಲ್ಲಿಡುತ್ತಾರೆ ಎಂಬುದರ ಮೇಲೆ. ಸ್ಯಾಮ್‌ಸಂಗ್ 2018ರ ‘ಒನ್ ಯುಐ’ನಲ್ಲಿ ನೋಡುವುದನ್ನು ಮೇಲೆ, ಒತ್ತುವುದನ್ನು ಕೆಳಗೆ ಇಟ್ಟಿತು. ಆ್ಯಪಲ್ 2021ರಲ್ಲಿ ಸಫಾರಿಯ ವಿಳಾಸಪಟ್ಟಿಯನ್ನು ಕೆಳಗಿಳಿಸಿತು. ಪರದೆ ಚಿಕ್ಕದಾಗಲಿಲ್ಲ, ಹೆಬ್ಬೆರಳಿಗೆ ಎಟುಕಿತು. ಅದೇ ಫೋನಿನಲ್ಲಿ ಆ್ಯಪ್‌ನವರು ಮುಖ್ಯ ಗುಂಡಿಯನ್ನು ತಲೆಯ ಮೇಲೆ ಕೂರಿಸಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಪರದೆಯನ್ನು ಅರ್ಧಕ್ಕೆ ಇಳಿಸುವ ಒಂದು ಕೈಯ ಸೌಲಭ್ಯವೂ ಇದೆ: ಆಂಡ್ರಾಯ್ಡ್‌ನಲ್ಲಿ 2021ರಿಂದ, ಐಫೋನಿನಲ್ಲಿ 2014ರಿಂದ. ಆಂಡ್ರಾಯ್ಡ್‌ನಲ್ಲಿ ಅದು ಸೆಟ್ಟಿಂಗ್ಸ್‌ನ ಒಳಗೆ, ಅದರೊಳಗೆ, ಅದರೊಳಗೆ. ಒಂದು ಕೈಯವರು ಅಲ್ಲಿಗೆ ತಲುಪಲು ಮೊದಲು ಎರಡು ಕೈಯವರೊಬ್ಬರನ್ನು ಕರೆಯಬೇಕು. ಐಫೋನಿನಲ್ಲಿ ಅದನ್ನು ಇಟ್ಟಿರುವುದು ಅಂಗವಿಕಲರ ಅನುಕೂಲಗಳ ಪಟ್ಟಿಯಲ್ಲಿ. ಇದು ನನಗೆ ಒಪ್ಪಿಗೆ. ಕಂಬಿ ಹಿಡಿದ ನಾನು, ಮಗುವನ್ನು ಸೊಂಟದಲ್ಲಿಟ್ಟ ತಾಯಿ, ಚಿಕ್ಕಮ್ಮ, ಮೂವರೂ ಫೋನಿನ ಕಣ್ಣಿಗೆ ಒಂದೇ. ನಾನೂ ಆ ತಾಯಿಯೂ ಸ್ಟಾಪ್ ಬಂದಾಗ ಇಳಿದುಹೋಗುತ್ತೇವೆ, ಅಷ್ಟೇ ವ್ಯತ್ಯಾಸ.

ಕಾನೂನಿನ ಮಾತು ಇದಕ್ಕಿಂತ ಸ್ಪಷ್ಟ. ಗ್ರಾಹಕರ ಗುರುತು ಪರಿಶೀಲಿಸುವ ಕೆವೈಸಿಗೆ ಕಣ್ಣು ಮಿಟುಕಿಸಿ ಎಂದರೆ, ಆ್ಯಸಿಡ್‌ನಿಂದ ಮುಖ ಸುಟ್ಟವರು ಏನು ಮಾಡಬೇಕು? ದೃಷ್ಟಿಯಿಲ್ಲದವರು? ಇದನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಕೈಗಳ ವಿಷಯದಲ್ಲೂ ಅದೇ ತರ್ಕ ನಿಲ್ಲುತ್ತದೆ ಎಂದು ನನ್ನ ನಂಬಿಕೆ.

ಮೊನ್ನೆ ಚಿಕ್ಕಮ್ಮನಿಗೆ ಹೊಸ ಫೋನ್ ನೋಡಲು ಅಂಗಡಿಗೆ ಹೋಗಿದ್ದೆವು. ಹುಡುಗ ಮೆಗಾಪಿಕ್ಸೆಲ್, ರ್‍ಯಾಮ್, ಬ್ಯಾಟರಿ ಎಂದು ಒಂದೇ ಉಸಿರಿಗೆ ಒದರಿದ. ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡು, ಫೋನನ್ನು ಗಾಜಿನ ಕೌಂಟರ್ ಮೇಲೆ ಮಲಗಿಸಿ, ಎಡಗೈ ಬೆರಳಿಂದ ಮೂಲೆಯನ್ನೊಮ್ಮೆ ಒತ್ತಿ ನೋಡಿದರು. ಟಕ್ ಎಂದಿತು.

“ಕವರ್ ಹಾಕಿದ್ರೆ ಅಲ್ಲಾಡಲ್ಲ ಆಂಟಿ,” ಎಂದ ಹುಡುಗ. ಕವರಿಗೆ ಬೇರೆ ಮುನ್ನೂರು.