ಬೆಂಕಿ ಬೆಟ್ಟದ ಬುಡದಲ್ಲಿ ಯಾರಿದ್ದಾರೆ?

ಊರಿಗೆ ಊರೇ ಖಾಲಿಯಾಗಿದೆ. ಬೀದಿಯಲ್ಲಿ ಒಂದು ವಾಹನವೂ ಇಲ್ಲ. ಆದರೂ ಟ್ರಾಫಿಕ್ ದೀಪ ಕೆಂಪಿನಿಂದ ಹಸಿರಿಗೆ, ಹಸಿರಿನಿಂದ ಕೆಂಪಿಗೆ ಬದಲಾಗುತ್ತಲೇ ಇದೆ. ಹಸಿದ ನಾಯಿಗಳು ಅಲೆಯುತ್ತಿವೆ. ದೂರದ ಬೆಟ್ಟದ ತುದಿಯಲ್ಲಿ ಹೊಗೆ. ಇವು ಜರ್ಮನಿಯ ನಿರ್ದೇಶಕ ವರ್ನರ್ ಹರ್ಜಾಗ್ 1977ರಲ್ಲಿ ಹೊರತಂದ ‘ಲಾ ಸೂಫ್ರಿಯೇರ್’ ಎಂಬ ಅರ್ಧ ತಾಸಿನ ಸಾಕ್ಷ್ಯಚಿತ್ರದ ದೃಶ್ಯಗಳು.

1976ರಲ್ಲಿ ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿಯುವ ಭೀತಿಯಿಂದ 70 ಸಾವಿರಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಲಾಗಿತ್ತು. ಬೆಟ್ಟದ ಬುಡದ ರೈತನೊಬ್ಬ ಮಾತ್ರ ಜಾಗ ಬಿಟ್ಟು ಕದಲಲಿಲ್ಲ ಎಂಬ ಸುದ್ದಿ ತಿಳಿದ ಹರ್ಜಾಗ್ ಇಬ್ಬರು ಛಾಯಾಗ್ರಾಹಕರೊಂದಿಗೆ ಅಲ್ಲಿಗೆ ಧಾವಿಸಿದರು. ರೈತ ಸಿಕ್ಕಿದ. ಮರದಡಿ ಮಲಗಿದ್ದ, ಪಕ್ಕದಲ್ಲೊಂದು ಬೆಕ್ಕು. ಸಾವು ದೇವರ ಇಚ್ಛೆ ಎಂದ. ತಾನು ಬಡವ, ಎಲ್ಲಿಗೆಂದು ಹೋಗಲಿ ಎಂದೂ ಕೇಳಿದ.

ಮೊದಲ ಮಾತು ಕೇಳಿದ ಕೂಡಲೇ ನಾವು ಆತನನ್ನು ವಿಧಿಯನ್ನು ನಂಬಿ ಕೂತವನೆಂದು ತೀರ್ಮಾನಿಸುತ್ತೇವೆ. ಎರಡನೆಯ ಮಾತು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಆತನನ್ನು ಅಲ್ಲಿ ಕಟ್ಟಿ ಹಾಕಿದ್ದು ನಂಬಿಕೆಯೇ, ಬಡತನವೇ? ನಿರೀಕ್ಷಿಸಿದ ಮಹಾಸ್ಫೋಟ ಕೊನೆಗೂ ಆಗಲಿಲ್ಲ. ದುರಂತವನ್ನು ಹುಡುಕಿಕೊಂಡು ಹೋದ ತನ್ನ ಯತ್ನದ ಬಗ್ಗೆಯೇ ಚಿತ್ರಕ್ಕೆ ಕೊನೆಯಲ್ಲಿ ಮುಜುಗರವಾಗುತ್ತದೆ. ಮನಸ್ಸಿನಲ್ಲಿ ಉಳಿಯುವುದು ಬೆಟ್ಟವಲ್ಲ, ಅಲ್ಲಿನ ಕಪ್ಪು ಜನರನ್ನು ಜಗತ್ತು ಮರೆತಿರುವ ಬಗೆ ಎಂದು ಅದು ಒಪ್ಪಿಕೊಳ್ಳುತ್ತದೆ. ಜ್ವಾಲಾಮುಖಿಯ ಕುರಿತ ಯಾವುದೇ ಸಾಕ್ಷ್ಯಚಿತ್ರ ನೋಡಿದಾಗ ನನಗೆ ಈ ಒಪ್ಪಿಗೆ ನೆನಪಾಗುತ್ತದೆ.

ಏಕೆಂದರೆ ಬೆಂಕಿ ಚೆಂದ ಕಾಣುತ್ತದೆ. ಫ್ರಾನ್ಸಿನ ಜ್ವಾಲಾಮುಖಿ ತಜ್ಞ ದಂಪತಿ ಕತಿಯಾ ಮತ್ತು ಮೊರಿಸ್ ಕ್ರಾಫ್ಟ್ ಜೀವಮಾನವಿಡೀ ಚಿತ್ರೀಕರಿಸಿದ ದೃಶ್ಯಗಳನ್ನು ಬಳಸಿ 2022ರಲ್ಲಿ ಎರಡು ಚಿತ್ರಗಳು ಬಂದವು. ಒಂದು ಸಾರಾ ದೋಸಾ ಅವರ ‘ಫೈರ್ ಆಫ್ ಲವ್’, ಇನ್ನೊಂದು ಹರ್ಜಾಗ್ ಅವರದೇ ‘ದಿ ಫೈರ್ ವಿದಿನ್’. ದೋಸಾ ಹೇಳುವುದು ಪ್ರೇಮಕಥೆ. ಹರ್ಜಾಗ್ ಕತೆಯ ಗೋಜಿಗೆ ಹೆಚ್ಚು ಹೋಗದೆ ದೃಶ್ಯಗಳಿಗೇ ಸಂಗೀತ ಹೊಂದಿಸಿ ಶ್ರದ್ಧಾಂಜಲಿ ಸಲ್ಲಿಸುತ್ತಾರೆ. ಕೆಂಪು ಲಾವಾ ನದಿಯ ಪಕ್ಕದಲ್ಲಿ ಬೆಳ್ಳಿ ಬಣ್ಣದ ಉಡುಪು ತೊಟ್ಟ ಪುಟ್ಟ ಮನುಷ್ಯಾಕೃತಿಯನ್ನು ಕಂಡಾಗ ಎಂಥವರ ಉಸಿರೂ ಒಂದು ಕ್ಷಣ ನಿಲ್ಲುತ್ತದೆ.

ಆದರೆ ಮೊರಿಸ್ ಅವರೇ ಜ್ವಾಲಾಮುಖಿಗಳಲ್ಲಿ ಕೆಂಪು ಮತ್ತು ಬೂದು ಎಂಬ ಎರಡು ಬಗೆ ಮಾಡಿದ್ದರು. ಕೆಂಪಿನಲ್ಲಿ ಲಾವಾ ಹರಿಯುತ್ತದೆ, ಸಾಮಾನ್ಯವಾಗಿ ಜನರಿಗೆ ಓಡಲು ಸಮಯ ಸಿಗುತ್ತದೆ. ಬೂದು ಸಿಡಿಯುತ್ತದೆ. ಸುಡುವ ಅನಿಲ, ಬೂದಿ, ಕಲ್ಲು ಒಂದಾಗಿ ಇಳಿಜಾರಿನಲ್ಲಿ ನುಗ್ಗುವಾಗ ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಕ್ಯಾಮೆರಾಕ್ಕೆ ಕೆಂಪು ಇಷ್ಟ. ಜನರನ್ನು ಹೆಚ್ಚಾಗಿ ಕೊಲ್ಲುವುದು ಬೂದು. ಈ ಚಿತ್ರಪ್ರಕಾರದ ದೊಡ್ಡ ಸಮಸ್ಯೆ ಇರುವುದೇ ಇಲ್ಲಿ.

1991ರ ಜೂನ್ 3ರಂದು ಜಪಾನಿನ ಉನ್‌ಝೆನ್‌ನಲ್ಲಿ ಅಂಥ ಒಂದು ಬೂದು ಪ್ರವಾಹ ಕ್ರಾಫ್ಟ್ ದಂಪತಿಯನ್ನು ಬಲಿ ತೆಗೆದುಕೊಂಡಿತು. ಅಂದು ಸತ್ತವರು ಒಟ್ಟು 43 ಮಂದಿ. ಎರಡೂ ಚಿತ್ರಗಳ ಕೇಂದ್ರದಲ್ಲಿ ಇವರಿಬ್ಬರೇ ಇದ್ದಾರೆ. ಅದು ಸಹಜವೂ ಹೌದು, ಅವು ಇವರ ಕುರಿತ ಚಿತ್ರಗಳೇ. ಆದರೆ ಉಳಿದವರು ಯಾರು? ಒಳ್ಳೆಯ ದೃಶ್ಯಕ್ಕಾಗಿ ಅಪಾಯದ ವಲಯದೊಳಗೆ ಠಿಕಾಣಿ ಹೂಡಿದ್ದ ಪತ್ರಕರ್ತರು, ಅವರು ಬಾಡಿಗೆಗೆ ಪಡೆದಿದ್ದ ಟ್ಯಾಕ್ಸಿಗಳ ಚಾಲಕರು, ಕಾವಲಿಗೆಂದು ನಿಂತಿದ್ದ ಸ್ಥಳೀಯ ಅಗ್ನಿಶಾಮಕ ದಳದ ಸ್ವಯಂಸೇವಕರು, ಪೊಲೀಸರು. ಕ್ಯಾಮೆರಾ ಅಲ್ಲಿಗೆ ಹೋಗದಿದ್ದರೆ ಆ ಟ್ಯಾಕ್ಸಿ ಚಾಲಕರು ಅಂದು ಅಲ್ಲಿ ಇರುತ್ತಿರಲಿಲ್ಲ. ದಂಪತಿ ತಮ್ಮ ಆಯ್ಕೆಯ ಸಾವನ್ನು ಸತ್ತರೆಂದು ನಾವು ಭಾವುಕರಾಗುತ್ತೇವೆ. ಚಾಲಕನಿಗೆ ಆಯ್ಕೆ ಎಲ್ಲಿತ್ತು?

ಹಾಗೆಂದು ಕ್ರಾಫ್ಟ್ ದಂಪತಿಯನ್ನು ಸಾಹಸದ ಹುಚ್ಚಿನವರೆಂದು ತಳ್ಳಿಹಾಕುವುದು ಅನ್ಯಾಯ. 1985ರ ನವೆಂಬರ್ 13ರಂದು ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಸಿಡಿದಾಗ ಶಿಖರದ ಹಿಮ ಕರಗಿ, ಕೆಸರು ಪ್ರವಾಹವಾಗಿ ಅರ್ಮೆರೊ ಪಟ್ಟಣವನ್ನು ಹೂತು ಹಾಕಿತು. ಒಟ್ಟು ಸುಮಾರು 23 ಸಾವಿರ ಮಂದಿ ಸತ್ತರು. ಅರ್ಮೆರೊ ಅಪಾಯದಲ್ಲಿದೆ ಎಂದು ತೋರಿಸುವ ನಕ್ಷೆ ಒಂದು ತಿಂಗಳ ಹಿಂದೆಯೇ ಸಿದ್ಧವಾಗಿತ್ತು! ಪ್ರವಾಹ ಪಟ್ಟಣ ತಲುಪಲು ಎರಡು ತಾಸಿಗೂ ಹೆಚ್ಚು ಹೊತ್ತು ಹಿಡಿಯಿತು. ಆದರೂ ಜನರನ್ನು ಎಬ್ಬಿಸಿ ಎತ್ತರದ ಜಾಗಕ್ಕೆ ಕಳಿಸಲಿಲ್ಲ.

ಈ ದುರಂತ ಮೊರಿಸ್‌ರನ್ನು ಕಲಕಿತು. ನಕ್ಷೆ ನೋಡಿ ನಂಬದ ಅಧಿಕಾರಿಗಳು ಕಣ್ಣಾರೆ ನೋಡಿದರೆ ನಂಬಿಯಾರು ಎಂದು ಜ್ವಾಲಾಮುಖಿ ಹೇಗೆ ಕೊಲ್ಲುತ್ತದೆ ಎಂಬುದನ್ನು ತೋರಿಸುವ ಒಂದು ವಿಡಿಯೋ ತಯಾರಿಸಿದರು. ಅದರಲ್ಲಿ ಪ್ರೇಮವಿಲ್ಲ, ಕಾವ್ಯವಿಲ್ಲ. ಬೂದಿ, ಕೆಸರು, ಹೆಣಗಳಿವೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಗುಡುಗತೊಡಗಿದಾಗ ವಿಜ್ಞಾನಿಗಳು ಈ ವಿಡಿಯೋವನ್ನು ಅಧಿಕಾರಿಗಳಿಗೂ ಜನರಿಗೂ ತೋರಿಸಿದರು. ಅನುಮಾನಪಡುತ್ತಿದ್ದವರ ಮನಸ್ಸು ಬದಲಾಯಿತು, ಸಾವಿರಾರು ಮಂದಿಯನ್ನು ಸಮಯಕ್ಕೆ ಸರಿಯಾಗಿ ಸ್ಥಳಾಂತರಿಸಲಾಯಿತು. ಜೂನ್ 15ರಂದು ಪಿನಾಟುಬೊ 20ನೇ ಶತಮಾನದ ಅತಿ ದೊಡ್ಡ ಸ್ಫೋಟಗಳಲ್ಲೊಂದಾಗಿ ಸಿಡಿಯಿತು. ಅದೇ ದಿನ ಬಂದೆರಗಿದ ಚಂಡಮಾರುತದ ಮಳೆಗೆ ಬೂದಿ ನೆನೆದು, ಅದರ ಭಾರಕ್ಕೆ ಮಾಡುಗಳು ಕುಸಿದು ನೂರಾರು ಜನ ಸತ್ತರು. ಆದರೆ ಸ್ಥಳಾಂತರದಿಂದ ಉಳಿದ ಜೀವಗಳು ಸಾವಿರಾರು. ವಿಡಿಯೋ ಮಾಡಿದವರು ಸತ್ತು ಆಗ ಹನ್ನೆರಡು ದಿನವಾಗಿತ್ತು.

ಕ್ರಾಫ್ಟ್ ದಂಪತಿಯ ಲಾವಾ ದೃಶ್ಯಗಳಿಗೆ ಚಿತ್ರೋತ್ಸವಗಳಲ್ಲಿ ಚಪ್ಪಾಳೆ ಸಿಕ್ಕಿತು, ‘ಫೈರ್ ಆಫ್ ಲವ್’ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಸಿಗಲಿ, ಅವು ನೋಡಲೇಬೇಕಾದ ಚಿತ್ರಗಳು. ಆದರೆ ಅವರ ಅತ್ಯಂತ ಬೆಲೆಬಾಳುವ ಚಿತ್ರ ಯಾರೂ ಎರಡನೇ ಸಲ ನೋಡಲು ಬಯಸದ ಆ ಒರಟು ವಿಡಿಯೋ ಎಂದೇ ನನ್ನ ಭಾವನೆ. ಬೆಂಕಿಯ ಚಿತ್ರ ನೋಡುವಾಗ ಕೇಳಬೇಕಾದ ಪ್ರಶ್ನೆ ಬೆಂಕಿ ಎಷ್ಟು ಎತ್ತರ ಚಿಮ್ಮಿತು ಎಂಬುದಲ್ಲ. ಬೆಟ್ಟದ ಬುಡದಲ್ಲಿ ಮಲಗಿದ್ದವನನ್ನು ಈ ಕ್ಯಾಮೆರಾ ನೋಡಲು ಬಂದಿತೇ, ಎಬ್ಬಿಸಲು ಬಂದಿತೇ ಎಂಬುದು.