ಜಹಾನ್ ಮಲಿಕ್ ಖಾತೂನಳ ದಿವಾನು: ಒಂದು ಮರುಓದು

ಪರ್ಷಿಯದ ಆಸ್ಥಾನ ಕವಯಿತ್ರಿಯರ ಪ್ರಸ್ತಾಪ ಬಂದಾಗ ಮೊದಲು ನೆನಪಾಗುವವಳು 12ನೆಯ ಶತಮಾನದ ಮಹ್ಸತಿ ಗಂಜವಿ. ಪರಂಪರೆಯು ಆಕೆಯನ್ನು ಸೆಲ್ಜುಕ್ ಸುಲ್ತಾನ ಸಂಜರನ ಆಸ್ಥಾನದೊಡನೆ ಜೋಡಿಸುತ್ತದೆ. ಆದರೆ ಆಕೆಯ ಹೆಸರಿನ ರುಬಾಯಿಗಳು ಅನ್ಯರ ಸಂಕಲನಗಳಲ್ಲಿ ಚದುರಿ ಬಂದಿರುವುದರಿಂದ ಕಾವ್ಯಕ್ಕಿಂತ ದಂತಕಥೆಯೇ ಬೆಳೆದಿದೆ. 14ನೆಯ ಶತಮಾನದ ಶೀರಾಜಿನ ಜಹಾನ್ ಮಲಿಕ್ ಖಾತೂನಳ ಸ್ಥಿತಿ ಬೇರೆ. ಇಂಜೂ ರಾಜವಂಶದ ಕುವರಿಯೂ ಹಾಫಿಜನ ಸಮಕಾಲೀನಳೂ ಆದ ಈಕೆ ಸಾವಿರಕ್ಕೂ ಮಿಕ್ಕ ಗಜಲುಗಳ ದಿವಾನನ್ನೇ ಉಳಿಸಿಹೋಗಿದ್ದಾಳೆ. ಅದು ಟೆಹ್ರಾನಿನಲ್ಲಿ ಅಚ್ಚಾದದ್ದು 1995ರಷ್ಟು ತಡವಾಗಿ.

ದಿವಾನಿಗೆ ಆಕೆಯೇ ಬರೆದ ಗದ್ಯ ಮುನ್ನುಡಿ ವಿಶೇಷವಾದುದು. ಹೆಣ್ಣು ಕಾವ್ಯ ರಚಿಸುವುದು ಸಲ್ಲದೆಂಬ ಅಳುಕು ತನ್ನನ್ನು ತಡೆದಿತ್ತೆಂದೂ, ಹಿಂದಿನ ಕುಲೀನ ಸ್ತ್ರೀಯರೂ ಬರೆದಿದ್ದರೆಂಬ ಅರಿವು ಧೈರ್ಯವಿತ್ತಿತೆಂದೂ ಅಲ್ಲಿ ಹೇಳಿಕೊಂಡಿದ್ದಾಳೆ. ಇದು ಬರಿಯ ವಿನಯದ ಮಾತಲ್ಲ. ವಿಡಂಬನಕಾರ ಉಬೈದ್ ಜಾಕಾನಿ ಆಕೆಯ ಮೇಲೆ ಕಟ್ಟಿದನೆನ್ನುವ ಅಶ್ಲೀಲ ಪದ್ಯವೊಂದೇ ಅಂದಿನ ವಾತಾವರಣವನ್ನು ಸೂಚಿಸಲು ಸಾಕು.

ಹಾಗೆಂದು ಗಜಲುಗಳನ್ನೆಲ್ಲ ಆತ್ಮಕಥನವೆಂದು ಓದಲಾಗದು. ಫಾರಸಿಯ ಸರ್ವನಾಮಕ್ಕೆ ಲಿಂಗಭೇದವಿಲ್ಲ. ಅಗಲಿದ್ದು ನಲ್ಲನೋ ನಲ್ಲೆಯೋ ಎಂಬುದು ಬಯಲಾಗದೆಯೇ ವಿರಹ ಸಾಗುತ್ತದೆ. (‘ಅವನು’, ‘ಅವಳು’ಗಳಲ್ಲಿ ಒಂದನ್ನು ಆರಿಸಲೇಬೇಕಾದ ಕನ್ನಡ ಅನುವಾದಕನಿಗೆ ಇದು ದೊಡ್ಡ ತೊಡಕು.) ಬರೆದವಳು ಹೆಣ್ಣೆಂಬ ಒಂದೇ ಕಾರಣಕ್ಕೆ ಆ ಮರೆಯನ್ನು ಸರಿಸುವ ವಿಮರ್ಶೆ ಆಕೆಯ ಪ್ರೌಢಿಮೆಯನ್ನೇ ಅಲ್ಲಗಳೆದಂತೆ. 1357ರಲ್ಲಿ ಚಿಕ್ಕಪ್ಪ ಅಬೂ ಇಸ್ಹಾಕನ ವಧೆಯೊಂದಿಗೆ ವಂಶದ ಆಳ್ವಿಕೆ ಮುಗಿದ ಸಂಕಟವನ್ನೂ ಗಜಲಿನ ರೂಢಿಯ ವಿರಹಭಾಷೆ ಒಳಗೊಳ್ಳಬಲ್ಲದು. ಮಗಳು ಸುಲ್ತಾನ್ ಬಖ್ತಳ ಮರಣವನ್ನು ಕುರಿತ ಶೋಕಗೀತೆಗಳಲ್ಲಿ ಮಾತ್ರ ಯಾವ ಮರೆಯೂ ಇಲ್ಲ. ಅಲ್ಲಿ ಅಗಲಿದವಳು ಯಾರೆಂದು ಓದುಗ ಊಹಿಸಬೇಕಾಗಿಲ್ಲ.